ಹಗ್ಗದ ಕೆಳತುದಿ

ನಮ್ಮ ಬೇವಿನ ಮರದ ಕೊಂಬೆ ಕಡಿಯಲು ಹತ್ತಿದ್ದ ಕೊಕ್ಕನೂರಿನ ಹನುಮಂತಪ್ಪನ ಕಾಲು ಜಾರಿತು. ಅವನ ಸೊಂಟದಿಂದ ಮೇಲಿನ ಕವಲು ದಾಟಿ ಇಳಿದಿದ್ದ ಹಗ್ಗವನ್ನು ಕೆಳಗೆ ಹಿಡಿದಿದ್ದ ಹೆಂಡತಿ ಗಂಗಮ್ಮ ಹಿಂದಕ್ಕೆ ವಾಲಿ ಕೂತುಬಿಟ್ಟಳು. ಆತ ನಮ್ಮ ಕಿಚನ್ನಿನ ಶೀಟ್ ಛಾವಣಿಯ ಮೇಲೆ ಪೆಂಡ್ಯುಲಮ್ ಹಾಗೆ ತೂಗಾಡಿ, ಮತ್ತೆ ಕೊಂಬೆ ಹಿಡಿದ. ನಾನು "ಓ ಮೈ ಗಾಡ್" ಎಂದೆ. ಅವರಿಬ್ಬರೂ ತುಟಿ ಬಿಚ್ಚಲಿಲ್ಲ.

ಏನೋ ಜಗಳವಾಗಿ ಬೆಳಗ್ಗೆಯಿಂದಲೇ ಗಂಡ ಹೆಂಡತಿಗೆ ಮಾತಿರಲಿಲ್ಲ. "ಅಮ್ಮಾರೆ, ಹಗ್ಗ ಸಡ್ಲ ಮಾಡಾಕೆ ಹೇಳ್ರಿ ಆಕಿಗೆ" ಎಂದು ಮರದ ಮೇಲಿಂದ ನನ್ನ ಮೂಲಕವೇ ಮೆಸೇಜ್ ಬರುತ್ತಿತ್ತು.

ಅವನು ಇಳಿದ ಮೇಲೆ ಪಕ್ಕದ ಮನೆಯ ಯಜಮಾನರು ಅವನನ್ನು ಲಿಫ್ಟ್ ಗಾಡಿ, ಮೆಷಿನ್ ಗರಗಸ ತರಬಾರದೇ ಎಂದು ಕೇಳಿದರು.

"ಆ ಗಾಡಿ ನಿಮ್ಮ ಓಣ್ಯಾಗೆ ತಿರುಗಲ್ಲ ಸಾರ್. ಮೆಷಿನ್ ಸದ್ದಿನಾಗೆ ಕೊಂಬೆ ಮುರಿಯೋದು ಕೇಳಂಗಿಲ್ಲ. ನನಗೆ ಕೈಗರಗಸ, ಹಗ್ಗ, ಕೆಳಗೆ ಈಕಿ ಇದ್ರೆ ಸಾಕು."

ಗಂಗಮ್ಮ ನನ್ನತ್ತ ತಿರುಗಿದಳು. "ಕೇಳ್ರಿ ಅಮ್ಮಾರೆ, ಈಗ ಈಕಿ ಬೇಕಾತು! ನಾ ಮಾತಾಡಲ್ಲ ಅಂದಿದ್ದೆ, ಹಗ್ಗ ಹಿಡಿಯಲ್ಲ ಅಂದಿದ್ನೇನು?"

ಜಗಳವಾಡಿದ ದಿನಗಳಲ್ಲೂ ನಮ್ಮವರು ಮಾತಿಲ್ಲದೆ ನನ್ನ ಬೆಡ್ ಪಕ್ಕ ನೀರಿನ ಗ್ಲಾಸ್ ತುಂಬಿಡುತ್ತಿದ್ದರು. ಅವರು ಹೋಗಿ ವರ್ಷಗಳಾದವು. ಅಂದು ಸಂಜೆ ಗ್ಲಾಸ್ ತುಂಬಿಸಿಕೊಳ್ಳುವಾಗ ಅದು ನೆನಪಾಯಿತು.