ತಣ್ಣೀರು ಮುಟ್ಟಬಾರದ ದಿನಗಳು

ಬೆಟ್ಟದ ಮೇಲಿನ ತುಮ್ಮನಟ್ಟಿಯ ಲಿಂಗಾಜಮ್ಮ ಕ್ಯಾರೆಟ್ ತೊಳೆಯುವುದರಲ್ಲಿ ಎತ್ತಿದ ಕೈ. ಇಬ್ಬನಿ ಹೆಪ್ಪುಗಟ್ಟಿದ ಬೆಳಗಿನಲ್ಲೂ ಕೈಗಳನ್ನು ಮೊಣಕೈವರೆಗೆ ತೊರೆಯ ನೀರಿಗಿಳಿಸಿ, ಹರಟೆ ಹೊಡೆಯುತ್ತಲೇ ಮೂಟೆಗಟ್ಟಲೆ ತೊಳೆದು ಹಾಕುತ್ತಿದ್ದಳು.

2005ರಲ್ಲಿ ಅವಳ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಗಡ್ಡೆ ಕಾಣಿಸಿತು. ಕೊಯಮತ್ತೂರಿನಲ್ಲಿ ಆಪರೇಷನ್ ಮಾಡಿ ತೆಗೆದರು. ಅಲ್ಲಿಗೆ ಮುಗಿಯಿತೆಂದುಕೊಂಡಿದ್ದ ಗಂಡ ಚೆನ್ನಯ್ಯನಿಗೆ ಡಾಕ್ಟರ್ ಧರ್ಮಲಿಂಗಂ ತಮಿಳಿನಲ್ಲಿ ಬಿಡಿಸಿ ಹೇಳಿದರು. ಕಣ್ಣಿಗೆ ಕಾಣದ ಕ್ಯಾನ್ಸರ್ ಕಣಗಳು ಒಳಗೆ ಉಳಿದಿರಬಹುದು. ಅವು ಒಂದು ಎರಡಾಗಿ ಬೆಳೆಯದಂತೆ ತಡೆಯಲು ಡ್ರಿಪ್‌ನಲ್ಲಿ ಮದ್ದು ಕೊಡಬೇಕು. ಅದು ನರಗಳಿಗೂ ತಾಗುತ್ತದೆ. ಆಕೆ ತಣ್ಣಗಿರುವುದನ್ನು ಮುಟ್ಟಬಾರದು, ಕುಡಿಯಬಾರದು.

ಆ ಬೆಟ್ಟದಲ್ಲಿ ತಣ್ಣಗಿಲ್ಲದ್ದು ಯಾವುದಿದೆ? ಮೊದಲ ಡ್ರಿಪ್ ಮುಗಿಸಿ ಬಂದವಳು ಬಾಗಿಲ ಚಿಲಕ ಹಿಡಿದೊಡನೆ ಕೈ ಹಿಂದೆಳೆದುಕೊಂಡಳು. ಬೆರಳ ತುದಿಗೆಲ್ಲ ಸೂಜಿ ಚುಚ್ಚಿದಂತಾಗಿತ್ತು. ಚೆನ್ನಯ್ಯ ಚಿಲಕಕ್ಕೆ ಬಟ್ಟೆ ಸುತ್ತಿದ. ಲೋಟ, ತಟ್ಟೆಗಳನ್ನು ಬಿಸಿನೀರಿಗೆ ಅದ್ದಿ ಕೊಟ್ಟ. ಕ್ಯಾರೆಟ್ ತೊಳೆಯುವ ಕೆಲಸವೂ ಅವನದಾಯಿತು. ಅವಳು ಕಂಬಳಿ ಹೊದ್ದು ದಡದಲ್ಲಿ ಕೂತು, "ಬುಡದಾಗೆ ಮಣ್ಣು ಹಂಗೇ ಅದೆ, ನೋಡಿ" ಎನ್ನುತ್ತಿದ್ದಳು.

ಎರಡು ವಾರಕ್ಕೊಮ್ಮೆ ಘಟ್ಟ ಇಳಿದು ಹತ್ತಬೇಕು. ವಾಪಸು ಬರುವಾಗ ಬಸ್ಸಿನ ಪ್ರತಿ ತಿರುವಿನಲ್ಲೂ ವಾಂತಿ. ಇಷ್ಟೆಲ್ಲ ತಡೆದುಕೊಂಡರೂ ಸ್ಕ್ಯಾನಿನಲ್ಲಿ ಲಿವರ್ ತುಂಬ ಗಡ್ಡೆಗಳು ಕಂಡವು.

"ರೋಗ ಈ ಮದ್ದಿಗೆ ಬಗ್ಗಲಿಲ್ಲ," ಎಂದರು ಡಾಕ್ಟರ್. "ಬೇರೆ ಮದ್ದಿದೆ. ಕೆಲವು ತಿಂಗಳು ಮುಂದೆ ತಳ್ಳಬಹುದು. ವಾಸಿಯಾಗೋದಿಲ್ಲ."

ಲಿಂಗಾಜಮ್ಮ ಬೇಡವೆಂದಳು.

"ಇನ್ನೊಂದು ಸಲ ನೋಡಬೋದಿತ್ತು," ಎಂದ ಚೆನ್ನಯ್ಯ ಬಸ್ಸಿನಲ್ಲಿ.

"ನೋಡಿ ಆಯ್ತಲ್ಲ," ಎಂದು ಅವಳು ಅವನ ತೋಳಿಗೆ ಒರಗಿದಳು. ಅವನು ಮತ್ತೆ ಆ ಮಾತೆತ್ತಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ತೊರೆಯಲ್ಲಿ ಎರಡೂ ಕೈ ಅದ್ದಿ ಕೂತಿದ್ದಳು. ಚೆನ್ನಯ್ಯ ಓಡಿಬಂದು ಭುಜ ಹಿಡಿದ.

"ಬಿಡಿ. ಚುಚ್ಚದಿಲ್ಲ. ಬರೀ ತಣ್ಣಗದೆ, ಅಷ್ಟೇ."

ಅವಳ ಮುಖ ಅರಳಿತ್ತು. ಮದ್ದು ಮೈಯಿಂದ ಇಳಿದುಹೋಗುತ್ತಿದೆ ಎಂದು ಚೆನ್ನಯ್ಯನಿಗೆ ಗೊತ್ತಾಯಿತು. ಇನ್ನು ರೋಗವನ್ನು ತಡೆಯುವಂಥದ್ದು ಏನೂ ಉಳಿದಿಲ್ಲ ಎಂಬುದೂ. ಅವನು ಅವಳ ಪಕ್ಕ ಕೂತು ಮೂಟೆ ಬಿಚ್ಚಿದ.

ಮಳೆ ಹಿಡಿಯುವ ಮೊದಲೇ, ಗೂಡಲೂರಿನಿಂದ ಬಂದಿದ್ದ ಮಗಳು ಶಾಂತಲಾಳ ಮಡಿಲಲ್ಲಿ ಲಿಂಗಾಜಮ್ಮ ತೀರಿಕೊಂಡಳು. ಚೆನ್ನಯ್ಯ ಹೊಲದಲ್ಲಿದ್ದ. ಮಗಳು ಕೂಗಿದ್ದು ಅವನಿಗೆ ಕೇಳಿಸಿತು, ಯಾಕೆಂದೂ ತಿಳಿಯಿತು. ಆದರೂ ಸ್ವಲ್ಪ ಹೊತ್ತು ಅವನು ಮನೆಯ ಕಡೆ ಹೆಜ್ಜೆ ಹಾಕಲೇ ಇಲ್ಲ.