ಲೆಸ್ಟರಿಗೆ ಕಳಿಸಿದ ಕಥೆ

ನಾವು ಐದು ಜನ ಸೇರಿ ಒಂದು ಕಥಾಸಂಕಲನ ತಂದೆವು. ಸಲಿಂಗಪ್ರೇಮಿಗಳ ಬದುಕಿನ ಹತ್ತು ಸಣ್ಣ ಕಥೆಗಳು, ಎಲ್ಲವೂ ಕನ್ನಡದಲ್ಲಿ, ಎಲ್ಲವೂ ಬ್ರಿಟನ್ನಿನಲ್ಲಿ ನಡೆಯುವಂಥವು. ಬರೆದವರಲ್ಲಿ ಮೂವರು ಅಲ್ಲೇ ಇದ್ದರು. ನಾಲ್ಕನೆಯವನು ನಾನು. ಓದಿದ್ದು ಮ್ಯಾಂಚೆಸ್ಟರಿನಲ್ಲಿ, ಈಗ ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕೆಲಸ, ಬ್ಲ್ಯಾಕ್‌ಟೌನ್‌ನಲ್ಲಿ ಮನೆ. ಐದನೆಯವರು ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿರುವ ಹುಬ್ಬಳ್ಳಿಯ ಹೆಂಗಸು. ನನಗಿಂತ ಹತ್ತು ವರ್ಷ ದೊಡ್ಡವರು, ಅಕ್ಕ ಎಂದೇ ಕರೆಯುತ್ತಿದ್ದೆ. ಇಲ್ಲಿಗೆ ಬರುವ ಮೊದಲು ಅವರು ಎರಡು ವರ್ಷ ಲೆಸ್ಟರಿನಲ್ಲಿದ್ದರು.

ಕಥೆಗಳು ಬ್ರಿಟನ್ನಿನಲ್ಲೇ ನಡೆಯಬೇಕು ಎಂಬ ನಿಯಮ ನನ್ನದು. ಪುಸ್ತಕಕ್ಕೆ ಒಂದು ಏಕತೆ ಬರುತ್ತದೆ ಎಂದು ಉಳಿದವರನ್ನು ಒಪ್ಪಿಸಿದ್ದೆ. ನಿಜವಾದ ಕಾರಣ ಬೇರೆ. ಸಿಡ್ನಿಯ ಕನ್ನಡದವರ ನಡುವೆ ನಾನು ಕೆಲಸದಲ್ಲಿ ಮುಳುಗಿ ಮದುವೆ ಮರೆತವನು. ಯುಗಾದಿಗೆ ಸ್ಟೇಜ್ ಕಟ್ಟುವವನು, ಯಾರದೋ ಅಪ್ಪ ಅಮ್ಮನನ್ನು ಏರ್‌ಪೋರ್ಟಿನಿಂದ ಕರೆತರುವವನು. ಕಥೆಗಳು ಸಮುದ್ರದಾಚೆ ನಡೆದರೆ ನನ್ನ ಮನೆಯತ್ತ ಯಾರೂ ತಿರುಗಿ ನೋಡುವುದಿಲ್ಲ ಎಂದುಕೊಂಡಿದ್ದೆ.

ಅಕ್ಕ ಮೊದಲು ಕಳಿಸಿದ ಕಥೆ ಕ್ರಾನ್‌ಬರ್ನ್‌ನದು. ಇಬ್ಬರು ಹೆಂಗಸರು ಹಿತ್ತಲಲ್ಲಿ ಒಣಗಿದ ಬೆಡ್‌ಶೀಟನ್ನು ಎರಡು ತುದಿ ಹಿಡಿದು ಮಡಚುತ್ತಾರೆ. ಮಡಚುತ್ತ ಮಡಚುತ್ತ ಹತ್ತಿರ ಬರುತ್ತಾರೆ. ಬೇಲಿಯಾಚೆ ಪಕ್ಕದ ಮನೆಯವರು ಕೈ ಬೀಸಿದಾಗ ಒಬ್ಬಳು ಕೈಬಿಡುತ್ತಾಳೆ, ಇನ್ನೊಬ್ಬಳು ಬಿಡುವುದಿಲ್ಲ. ಅಷ್ಟೇ ಕಥೆ. ಅದು ಅವರ ಮತ್ತು ಅವರ ಸಂಗಾತಿಯ ಮನೆಯೇ ಎಂದು ನನಗೆ ಗೊತ್ತಿತ್ತು. ಸಂಗಾತಿ ಬ್ಯಾಲರಟ್ ಕಡೆಯ ನರ್ಸ್, ಕನ್ನಡ ಬಾರದು. ಅಕ್ಕ ಪ್ರತಿ ಸಾಲನ್ನೂ ಇಂಗ್ಲಿಷಿನಲ್ಲಿ ಹೇಳಿ, ಆಕೆ ಹೂಂ ಎಂದ ಮೇಲೆಯೇ ಮುಂದಿನದನ್ನು ಬರೆದಿದ್ದರಂತೆ.

ಶನಿವಾರ ಸಂಜೆ ಐವರೂ ವಿಡಿಯೋ ಕಾಲ್‌ನಲ್ಲಿ ಸೇರುತ್ತಿದ್ದೆವು. ಅಲ್ಲಿನವರಿಗೆ ಆಗ ಬೆಳಗಿನ ಕಾಫಿ ಹೊತ್ತು. ಮ್ಯಾಂಚೆಸ್ಟರಿನ ಗೆಳೆಯ, "ಇದೊಂದು ಕಥೆ ಆಸ್ಟ್ರೇಲಿಯಾದಲ್ಲೇ ಇರ್ಲಿ ಬಿಡೋ, ಏನೀಗ?" ಎಂದ. ನಾನು ಬಿಡಲಿಲ್ಲ. ಅಕ್ಕ, "ಅಲ್ಲಿ ಬಟ್ಟಿ ಹೊರಗ ಎಲ್ಲಿ ಒಣಗ್ತಾವರೀ? ಹೀಟರ್ ಮ್ಯಾಲೆ ಹಾಕಬೇಕಾಗ್ತದ," ಎಂದು ನಕ್ಕರು. ಎರಡು ವಾರದಲ್ಲಿ ಕಥೆ ಲೆಸ್ಟರಿಗೆ ಹೋಯಿತು. ಹಿತ್ತಲು ಹೋಯಿತು, ಬೇಲಿ ಹೋಯಿತು, ಕೈ ಬೀಸುವ ಪಕ್ಕದ ಮನೆಯವರೂ ಹೋದರು. ಚೆನ್ನಾಗಿದೆ ಎಂದು ನಾನೇ ಮೆಸೇಜ್ ಮಾಡಿದೆ. ಚೆನ್ನಾಗಿರಲಿಲ್ಲ.

ಬೆಂಗಳೂರಿನ ಪುಟ್ಟ ಪ್ರಕಾಶನವೊಂದು ಪುಸ್ತಕ ಅಚ್ಚು ಹಾಕಿತು. ಪೆಟ್ಟಿಗೆಗಳು ಬಂದ ತಿಂಗಳಲ್ಲೇ ನಮ್ಮ ಸಬರ್ಬಿನ ಲೈಬ್ರರಿಯಲ್ಲಿ ಒಂದು ಕೋಣೆ ಬುಕ್ ಮಾಡಿ ಬಿಡುಗಡೆ ಇಟ್ಟುಕೊಂಡೆ. ಮೂವತ್ತು ಜನ ಬಂದಿದ್ದರು. ಅಕ್ಕ ಮತ್ತು ಸಂಗಾತಿ ಬೆಳಗಿನ ವಿಮಾನ ಹಿಡಿದು ಬಂದರು. ಅಕ್ಕ ಇಳಕಲ್ ಸೀರೆ ಉಟ್ಟಿದ್ದರು. ಸಂಗಾತಿ ಓದಲು ಬಾರದ ಪುಸ್ತಕವನ್ನು ಎದೆಗವಚಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಕಾಫಿಯ ನಂತರ ಅಕ್ಕ ತಮ್ಮ ಕಥೆ ಓದುವುದೆಂದು ನಿಗದಿಯಾಗಿತ್ತು.

ಕಾಫಿ ಹೊತ್ತಿನಲ್ಲಿ ನಮ್ಮ ಪಕ್ಕದ ರಸ್ತೆಯ ಆಂಟಿ ನನ್ನ ಹತ್ತಿರ ಬಂದರು. ಮೈಸೂರಿನವರು, ಮಕ್ಕಳಿಗೆ ಕನ್ನಡ ಕಲಿಸುವವರು, ವಾರಕ್ಕೊಮ್ಮೆಯಾದರೂ ನನಗೆ ಊಟದ ಡಬ್ಬಿ ಕಳಿಸುವವರು. ಪುಸ್ತಕ ತಿರುವಿ ಹಾಕುತ್ತ ಮೆಲ್ಲಗೆ ಕೇಳಿದರು.

"ಇದೆಲ್ಲಾ ಲಂಡನ್ ಕಡೆ ಕಥೆ ಅಲ್ವೇನಪ್ಪಾ? ನಮ್ಮ ಕನ್ನಡದೋರಲ್ಲಿ, ಇಲ್ಲಿ, ಈ ಥರದೋರು ಯಾರಾದ್ರೂ ಇದಾರಾ?"

"ಇಲ್ಲ ಆಂಟಿ, ಇಲ್ಲಿ ಯಾರೂ ಇಲ್ಲ. ಅದೆಲ್ಲಾ ಅಲ್ಲಿಂದು. ಸುಮ್ನೆ ಕಥೆ," ಎಂದೆ.

ತಡವರಿಸಲೂ ಇಲ್ಲ. ವರ್ಷಗಟ್ಟಲೆ ಅಭ್ಯಾಸ ಮಾಡಿದವನ ಹಾಗೆ ಹೇಳಿಬಿಟ್ಟೆ. ಆಂಟಿ ತಲೆಯಾಡಿಸಿ ಪುಸ್ತಕವನ್ನು ಮೇಜಿನ ಮೇಲಿಟ್ಟು ಹೋದರು. ತಿರುಗಿದರೆ ಅಕ್ಕ ಕಪ್ ಹಿಡಿದು ಹಿಂದೆಯೇ ನಿಂತಿದ್ದರು, ಪಕ್ಕದಲ್ಲಿ ಸಂಗಾತಿ. ಅವನೇನು ಹೇಳಿದ ಎಂದು ಆಕೆ ಕೇಳಿದರು. ಪುಸ್ತಕದ ಬಗ್ಗೆ ಏನೋ ಮಾತು, ಅಷ್ಟೇ ಎಂದು ಅಕ್ಕ ಇಂಗ್ಲಿಷಿನಲ್ಲಿ ಉತ್ತರಿಸಿದರು. ನನ್ನ ಮಾನ ಉಳಿಸಲು ಅವರು ತಮ್ಮವರ ಹತ್ತಿರ ಸುಳ್ಳು ಹೇಳಬೇಕಾಯಿತು.

ಅಕ್ಕ ಓದಲಿಲ್ಲ. ಗಂಟಲು ಕಟ್ಟಿದೆ ಎಂದರು. ಅವರ ಕಥೆಯನ್ನು ನಾನೇ ಓದಿದೆ. ಜನ ಚಪ್ಪಾಳೆ ತಟ್ಟಿದರು.

ಆಮೇಲೆ ಅವರು ಶನಿವಾರದ ಕಾಲ್‌ಗೆ ಬರಲಿಲ್ಲ. ಎರಡು ತಿಂಗಳು ಕಾದು, ಒಂದು ಭಾನುವಾರ ಮೆಲ್ಬರ್ನಿಗೆ ಹೋಗಿ ಅವರ ಮನೆ ಬೆಲ್ ಒತ್ತಿದೆ. ಬಾಗಿಲು ತೆಗೆದ ಸಂಗಾತಿ ಎಂದಿನಂತೆ ನಗುನಗುತ್ತ, "ಬಾ, ಊಟ ಮಾಡು" ಎಂದರು. ಆಕೆಗೆ ಬರುತ್ತಿದ್ದ ಕನ್ನಡ ಅಷ್ಟೇ. ಆಕೆಗೆ ಇನ್ನೂ ಏನೂ ಗೊತ್ತಿಲ್ಲ ಎಂದು ಅರ್ಥವಾಯಿತು. ಅಕ್ಕ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಊಟವಾದ ಮೇಲೆ ಕ್ಷಮೆ ಕೇಳಿದೆ. ಎರಡನೆಯ ಮುದ್ರಣಕ್ಕೆ ಕ್ರಾನ್‌ಬರ್ನ್ ಕಥೆಯನ್ನೇ ಹಾಕೋಣ, ಕೊಡಿ ಎಂದೆ.

"ಅದನ್ನ ಇನ್ನ ಕೊಡಂಗಿಲ್ಲರೀ," ಎಂದರು ಅಕ್ಕ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ಅಂಜಿದ್ದು ತಪ್ಪಲ್ಲ, ನಾನೂ ಅಂಜಿದಾಕಿನ. ಆದ್ರ ಇಲ್ಲಿ ಯಾರೂ ಇಲ್ಲ ಅಂದ್ರಲ್ಲ, ನಾವಿಬ್ಬರೂ ಅಲ್ಲೇ ನಿಂತಿದ್ವಿ."

ನಾನು ಎದ್ದು ತಟ್ಟೆಗಳನ್ನು ಸಿಂಕಿಗೆ ಒಯ್ದೆ.

ಸಿಡ್ನಿಗೆ ಮರಳಿದ ವಾರ ಆಂಟಿಯ ಮನೆಗೆ ಹೋದೆ. ಅವರು ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಿದ್ದರು. ನಿಂತುಕೊಂಡೇ ಹೇಳಿದೆ: "ಆಂಟಿ, ಅವತ್ತು ನೀವು ಕೇಳಿದ್ರಲ್ಲ, ಇಲ್ಲಿ ಯಾರಾದ್ರೂ ಇದಾರಾ ಅಂತ. ನಾನಿದೀನಿ."

ಆಂಟಿಯ ಕೈ ನಿಂತಿತು. ಹುರುಳಿಕಾಯಿ ಕೆಳಗಿಟ್ಟು ಹೇಳಿದರು. ಲೈಬ್ರರಿಯ ಕಾರ್ಯಕ್ರಮಕ್ಕೆ ಹದಿನೈದು ದಿನ ಮೊದಲು ಬ್ರಿಸ್ಬೇನಿನಲ್ಲಿರುವ ಅವರ ಮಗಳು ತಾನೂ ಈ ಥರದವಳೇ ಎಂದು ಫೋನಿನಲ್ಲಿ ಹೇಳಿದ್ದಳಂತೆ. "ಯಾರ ಹತ್ರ ಮಾತಾಡ್ಲಿ ಅಂತ ಗೊತ್ತಾಗ್ದೆ ನಿನ್ನ ಕೇಳ್ದೆ ಕಣಪ್ಪಾ. ಯಾರೂ ಇಲ್ಲ ಅಂದೆ. ಮನೆಗೆ ಬಂದು ಫೋನ್ ಮಾಡಿ ಅವಳಿಗೆ ಏನೇನೋ ಅಂದ್ಬಿಟ್ಟೆ. ಈಗ ಅವಳು ಫೋನ್ ಎತ್ತಲ್ಲ."

ಅವರು ನನ್ನನ್ನು ಬೈದಿದ್ದರೆ ಹಗುರಾಗುತ್ತಿತ್ತೇನೋ. ಬೈಯದೆ ಮತ್ತೆ ಹುರುಳಿಕಾಯಿ ಕೈಗೆತ್ತಿಕೊಂಡರು. ನಾನೂ ಪಕ್ಕದಲ್ಲಿ ಕೂತು ನಾರು ತೆಗೆದೆ.

ಹೊರಡುವಾಗ ಆಂಟಿ, ಅವತ್ತು ಜೋಡಿಯಾಗಿ ಬಂದಿದ್ದ ಆ ಇಳಕಲ್ ಸೀರೆಯವರ ನಂಬರ್ ಸಿಗುತ್ತದೆಯೇ ಎಂದು ಕೇಳಿದರು. ಅಕ್ಕನಿಗೆ ಮೆಸೇಜ್ ಮಾಡಿ ವಿಷಯ ತಿಳಿಸಿದೆ. "ಕೊಡ್ರಿ" ಎಂಬ ಒಂದೇ ಪದ ಬಂತು. ಈಗ ಅವರಿಬ್ಬರೂ ಮಾತಾಡುತ್ತಾರೆ ಎಂದು ಗೊತ್ತು. ಏನು ಮಾತಾಡುತ್ತಾರೆ ಎಂದು ಇಬ್ಬರೂ ನನಗೆ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮಗಳು ಇನ್ನೂ ಫೋನ್ ಎತ್ತಿಲ್ಲ.