ಕಿಟಕಿ ಕಡೆಯ ಕೆನ್ನೆ

ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷಕ್ಕೆ ಡ್ರೈವರಮ್ಮ ಬಚ್ಚಲುಮನೆಯ ಕನ್ನಡಿಯೆದುರು ನಿಂತು, ಬಲಗೆನ್ನೆಗೆ ಅಂಟಿಕೊಂಡಿದ್ದ ದಿಂಬಿನ ನೂಲೊಂದನ್ನು ಉಗುರಿನಿಂದ ಬಿಡಿಸುತ್ತಿದ್ದಳು. ನೂಲಿನ ಜೊತೆ ಹಕ್ಕಳೆಯೂ ಕಿತ್ತು ಬಂತು. ಅದರಡಿಯಿಂದ ಹಳದಿ ನೀರು ಒಸರಿ ದವಡೆಯತ್ತ ಇಳಿಯಿತು. "ಥೂ, ಹೇಸಿಗೆ" ಎಂದಳು. ತನ್ನ ಮುಖಕ್ಕೆ ತಾನೇ ಹಾಗೆ ಅಂದುಕೊಂಡದ್ದು ಅದೇ ಮೊದಲು. ಎಡಗೆನ್ನೆ ಮಾತ್ರ ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗಿತ್ತು.

ಆಕೆ ಓಡಿಸುವ ಸಿಟಿ ಬಸ್ಸಿನಲ್ಲಿ ಡ್ರೈವರ್ ಸೀಟು ಬಲಕ್ಕೆ, ಕಿಟಕಿಯೂ ಬಲಕ್ಕೆ. ಹನ್ನೊಂದು ವರ್ಷ ಆ ಕಿಟಕಿಯ ಬಿಸಿಲು ಬಡಿದು ಬಲಗೆನ್ನೆ ಕಪ್ಪಾಗಿತ್ತೇ ಹೊರತು ಒಂದು ಗುಳ್ಳೆಯೂ ಎದ್ದಿರಲಿಲ್ಲ. ತಕರಾರಿದ್ದದ್ದು ನಾದಿನಿಗೆ. "ಅತ್ತಿಗೆ, ನಿಮ್ಗೆ ಒಂದು ಕೆನ್ನೇಲಿ ಹಗಲು, ಇನ್ನೊಂದರಲ್ಲಿ ರಾತ್ರಿ. ಫೋಟೋ ತೆಗೆಯೋನು ಎಲ್ಲಿಗೆ ಲೈಟ್ ಹಾಕ್ಬೇಕು?" ಎಂದು ನಗಾಡಿ, ಒಂದು ಟ್ಯೂಬ್ ಸನ್‌ಸ್ಕ್ರೀನ್ ಕೈಗಿಟ್ಟು ಹೋದಳು.

ಡ್ರೈವರಮ್ಮ ಯಾವುದನ್ನೂ ಅರೆಬರೆ ಮಾಡುವವಳಲ್ಲ. ದಿನಾ ಮುಖ ಪೂರ್ತಿ ಹಚ್ಚಿದಳು. ಬೆವರಿಗೆ ಕ್ರೀಮು ಕರಗಿ, ಧೂಳು ಸೇರಿ, ಕತ್ತಿನ ಮಡಿಕೆಯಲ್ಲಿ ಬೂದು ಜಿಡ್ಡಾಗಿ ಕೂತಿತು. ಹೊಸ ಪ್ಲಾಸ್ಟಿಕ್ ಬಕೆಟ್ಟಿನಂಥ ವಾಸನೆ ಮೂಗು ಬಿಟ್ಟು ಹೋಗಲೊಲ್ಲದು. ಎರಡನೇ ವಾರ ಬಲಗೆನ್ನೆ ಉರಿಯತೊಡಗಿತು. ಎಡಕ್ಕೂ ಹಚ್ಚಿದ್ದು ಅದೇ ಕ್ರೀಮು, ಅಲ್ಲೇನೂ ಆಗಿಲ್ಲ. ಅಂದಮೇಲೆ ತಪ್ಪು ಬಿಸಿಲಿನದೇ ಎಂದು ಆಕೆ ತೀರ್ಮಾನಿಸಿದಳು. ತರ್ಕ ನೋಡಲು ಚೆನ್ನಾಗಿಯೇ ಇತ್ತು. ಬಲಕ್ಕೆ ಇನ್ನಷ್ಟು ದಪ್ಪಗೆ ಬಳಿದಳು; ಕಿಟಕಿ ಗಾಜು ಮುಚ್ಚಿಕೊಂಡು ಬೆಂದಳು. ಉರಿ ನವೆಯಾಯಿತು, ನವೆ ಗುಳ್ಳೆಯಾಯಿತು, ಗುಳ್ಳೆ ಒಡೆದು ಸೋರಿತು.

"ಅಕ್ಕಾ, ಮೊದಲು ಒಳಗೆ ಸರೀರಿ ಅಂತ ಅರಚಿ ಅರಚಿ ಸಾಯ್ತಿದ್ದೆ. ಈಗ ನಿಮ್ಮನ್ನ ನೋಡಿದ ಕೂಡ್ಲೆ ಜನ ತಾವಾಗೇ ಹಿಂದಕ್ಕೆ ಓಡ್ತಾರೆ. ನನ್ನ ಗಂಟಲು ಉಳೀತು" ಎಂದ ಕಂಡಕ್ಟರ್. ಡ್ರೈವರಮ್ಮ ನಕ್ಕಳು. ನಕ್ಕದ್ದಕ್ಕೆ ಕೆನ್ನೆ ಬಿರಿಯಿತು.

ನೂಲು ಕಿತ್ತ ಆ ದಿನ ಮಧ್ಯಾಹ್ನ ಪಾಳಿ ಬದಲಾಯಿತು. ಬಸ್ಸು ಹತ್ತಿದ ಇನ್ನೊಬ್ಬ ಡ್ರೈವರ್, ಸೀಟಿನ ಮೇಲೆ ಪೇಪರ್ ಹಾಸಿದ. ಸ್ಟೇರಿಂಗನ್ನು ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಆಚೆ ಎಸೆದ.

"ಏನಪ್ಪಾ ಇದು?"

"ತಪ್ಪು ತಿಳ್ಕೋಬೇಡಿ ಅಕ್ಕ. ಮನೇಲಿ ಎಳೇ ಮಗು ಇದೆ."

ಸಂಜೆಯೊಳಗೆ ಮಾತು ಡಿಪೋ ಮ್ಯಾನೇಜರ್‌ವರೆಗೆ ಹೋಗಿತ್ತು. "ಅಂಟುರೋಗ ಅಲ್ಲ ಅಂತ ಡಾಕ್ಟ್ರು ಬರೆದುಕೊಡೋವರೆಗೆ ಗಾಡಿ ಮುಟ್ಟಬೇಡಿ" ಎಂದರು. ಡ್ರೈವರಮ್ಮನಿಗೆ ಬರುತ್ತಿದ್ದ ಕೆಲಸ ಅದೊಂದೇ, ಇಷ್ಟದ್ದೂ ಅದೊಂದೇ.

ಚರ್ಮದ ಡಾಕ್ಟರಮ್ಮ ಕತೆಯೆಲ್ಲ ಕೇಳಿ, ಮುಖ ಸಿಂಡರಿಸದೆ ಹತ್ತಿರದಿಂದ ನೋಡಿದರು. "ಬಿಸಿಲು ಹನ್ನೊಂದು ವರ್ಷದಿಂದ ಇದೆ. ಹೊಸದಾಗಿ ಬಂದಿದ್ದೇನು?"

ಡ್ರೈವರಮ್ಮ ಚೀಲದಿಂದ ಟ್ಯೂಬು ತೆಗೆದಿಟ್ಟಳು. ಡಾಕ್ಟರಮ್ಮ ಅದೇ ಕ್ರೀಮನ್ನು ಪಟ್ಟಿಗೆ ಹಚ್ಚಿ ಬೆನ್ನಿನ ಎರಡು ಕಡೆ ಅಂಟಿಸಿದರು. ಎರಡು ದಿನದ ಮೇಲೆ ಒಂದಕ್ಕಷ್ಟೇ ಬಿಸಿಲಿನಂಥ ದೀಪದ ಬೆಳಕು ಕೊಟ್ಟು, ಇನ್ನೊಂದನ್ನು ಮುಚ್ಚಿಯೇ ಇಟ್ಟರು. ಬೆಳಕು ಕಂಡ ಜಾಗ ಕೆಂಪಗೆ ಊದಿತು. ಮುಚ್ಚಿದ ಜಾಗ ಇದ್ದ ಹಾಗೇ ಇತ್ತು.

"ಕ್ರೀಮಲ್ಲಿರೋ ಒಂದು ವಸ್ತು ಬಿಸಿಲು ಬಿದ್ದಾಗ ಬದಲಾಗುತ್ತೆ. ಬದಲಾದದ್ದು ನಿಮ್ಮ ಚರ್ಮಕ್ಕೆ ಆಗಲ್ಲ. ಎಡಗಡೆ ಬಿಸಿಲಿಲ್ಲ, ಅದಕ್ಕೇ ತೆಪ್ಪಗಿತ್ತು. ಕಿಟಕಿ ಗಾಜು ಆ ಬೆಳಕನ್ನ ತಡೆಯಲ್ಲ."

"ಅಂದ್ರೆ ನಾನೇ ದಿನಾ ಬೆಂಕಿಗೆ ತುಪ್ಪ ಸುರಿದಿದೀನಿ ಅನ್ನಿ."

"ಬೇರೆ ಥರದ ಸನ್‌ಸ್ಕ್ರೀನ್ ಇದೆ, ಮುಖದ ಮೇಲೆ ಬೆಳ್ಳಗೆ ಕೂರುತ್ತೆ. ಕೆನ್ನೆ ಒಣಗಿದ ಮೇಲೆ ಹಚ್ಚಿ ನೋಡಬಹುದು."

"ಟ್ಯೂಬು ಅಂದ್ರೇನೇ ವಾಂತಿ ಬರುತ್ತೆ ಡಾಕ್ಟ್ರೇ."

"ಹಾಗಾದ್ರೆ ಬಟ್ಟೆ ಅಡ್ಡ ಇರಲಿ."

ಗಂಡ ಟೈಲರು. ಟೋಪಿಯ ಬಲಕ್ಕೆ ಹತ್ತಿ ಬಟ್ಟೆಯ ಪರದೆ ಹೊಲಿದ. ಅದನ್ನು ಹಾಕಿಕೊಂಡರೆ ಬಸ್ಸಿನ ಬಲಗಡೆಯ ಕನ್ನಡಿ ಕಾಣುವಂತಿರಲಿಲ್ಲ; ಬಿಚ್ಚಿದ. ಎರಡನೆಯದು ಗಾಳಿಗೆ ಹಾರಿ ಕಣ್ಣಿಗೆ ಬಡಿಯಿತು. ಮೂರನೆಯದರ ಅಂಚಿಗೆ ಗುಂಡಿ ಹೊಲಿದು ಭಾರ ಕೊಟ್ಟ.

"ಒಳ್ಳೇ ಕಣ್ಪಟ್ಟಿ ಕಟ್ಟಿದ ಜಟಕಾ ಕುದುರೆ ಥರ ಕಾಣ್ತೀಯ."

"ಹುಲ್ಲು ಕೇಳಲ್ಲ, ಹೆದರಬೇಡಿ."

ಕೆನ್ನೆ ಒಣಗಲು ತಿಂಗಳು ಹಿಡಿಯಿತು. ಮ್ಯಾನೇಜರ್ ಡಾಕ್ಟರ ಕಾಗದ ಓದಿದರು. ಆದರೆ ಎರಡೇ ಬೆರಳ ತುದಿಯಲ್ಲಿ, ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದಿದ್ದರು. ಆ ಬೆರಳುಗಳನ್ನು ಕಂಡು ಡ್ರೈವರಮ್ಮನಿಗೆ ಹೇಸಿಗೆಯೆನಿಸಿತು.

"ಕಾಗದ ಸರಿ ಇದೆಯಮ್ಮ. ಆದ್ರೂ ಪಾಸ್ ಕೊಡೋ ಕೌಂಟರ್‌ಗೆ ಹಾಕ್ತೀನಿ. ನೆರಳಲ್ಲಿ ಕೂತಿರಿ, ಜನಕ್ಕೂ ಸಮಾಧಾನ. ಅಷ್ಟಕ್ಕೂ ಈ ಬಿಸಿಲಲ್ಲಿ ಇನ್ನೆಷ್ಟು ವರ್ಷ ಗಾಡಿ ಓಡಿಸ್ತೀರಿ?"

ನಿವೃತ್ತಿಗೆ ಇನ್ನೆಷ್ಟಿದೆ ಎಂದು ಆಕೆ ಯೋಚಿಸಬೇಕಾಗಿರಲಿಲ್ಲ. ಗೋಡೆಯ ಮೊಳೆಯಿಂದ ತನ್ನ ಬಸ್ಸಿನ ಕೀ ತೆಗೆದುಕೊಂಡು, ಆಫೀಸಿನಲ್ಲಿದ್ದವರಿಗೆಲ್ಲ ಕೇಳಿಸುವಂತೆ ಹೇಳಿದಳು:

"ಹದಿನಾಲ್ಕು."